ನೂಲಿನ ಚೆಂಡಿನೊಳಗಿನ ಕಲ್ಲು

ಮೇಜಿನ ಮೇಲೆ ನೂಲಿನ ಚೆಂಡೊಂದಿದೆ. ಮೂಗಿನ ಹತ್ತಿರ ಹಿಡಿದರೆ ನೂಲಿಗೆ ಹಾಕಿದ ಹಳೆಯ ಗಂಜಿಯ ಹುಳಿ ವಾಸನೆ ಇನ್ನೂ ಇದೆ. ಅದು ಮನೆಗೆ ಬಂದಾಗಿನಿಂದ ಪಕ್ಕದ ಮನೆಯ ಅಣ್ಣ ನನ್ನನ್ನು ಬಿಟ್ಟಿಲ್ಲ…

ನಾವಿಬ್ಬರೂ ನಾರಾಯಣಪೇಟೆಯ ಒಂದೇ ಓಣಿಯಲ್ಲಿ ಸೀರೆ ನೇಯುತ್ತಿದ್ದವರು. ಅವರು ನನಗಿಂತ ಐದಾರು ವರ್ಷ ದೊಡ್ಡವರು. ರಾಯಚೂರಿನಲ್ಲಿ ಓದುವಾಗ ಕಲಿತ ಬೇಸ್‌ಬಾಲ್ ಆಟವನ್ನು ನಮ್ಮ ಓಣಿಗೆ ಹೊಂದುವಂತೆ ಕತ್ತರಿಸಿ ತಂದಿದ್ದರು. ಮಗ್ಗ ನಿಂತ ಮೇಲೆ ಕತ್ತಲಾಗುವ ತನಕ ಸಿಗುವುದು ಅರ್ಧ ಗಂಟೆ. ಅಷ್ಟರಲ್ಲಿ ಆಟ ಮುಗಿಯಬೇಕು. ಅದಕ್ಕೇ ಯಾರಿಗಾಗಿಯೂ ಕಾಯುವಂತಿರಲಿಲ್ಲ. ಚೆಂಡು ಕೈಗೆ ಬಂದ ಕೂಡಲೇ ಎಸೆಯುವವನು ಎಸೆಯಬಹುದು, ಹೊಡೆಯುವವನು ಸಿದ್ಧನಿರಲಿ ಬಿಡಲಿ. ಕೋಲಿಗೆ ತಗುಲಿದರೆ ಓಡಲೇಬೇಕು. ಓಣಿಯಲ್ಲಿ ಗುರುತಿಗಿಟ್ಟ ನಾಲ್ಕು ಕಲ್ಲು ಮುಟ್ಟಿ ಬಂದರೆ ಒಂದು ಓಟ. ನಡುದಾರಿಯಲ್ಲಿ ಮೈಗೆ ಚೆಂಡು ಬಿದ್ದರೆ ಔಟ್. ಮೂವರು ಔಟಾದರೆ ಆ ಕ್ಷಣವೇ ಪಾಳಿ ಬದಲು.

ಮೈಗೆ ಹೊಡೆಯುವ ಆಟವಾದ್ದರಿಂದ ಅಣ್ಣ ಒಂದು ಕಟ್ಟುಪಾಡು ಮಾಡಿದ್ದರು. ಚೆಂಡನ್ನು ಮಗ್ಗದ ತುಂಡು ನೂಲಿನಿಂದಲೇ ಸುತ್ತಬೇಕು, ಒಳಗೆ ಬೇರೇನೂ ಇರಬಾರದು. ಸುತ್ತುವ ಕೆಲಸ ನನ್ನದು.

ಅವರನ್ನು ಔಟ್ ಮಾಡಲು ನನ್ನಿಂದ ಒಮ್ಮೆಯೂ ಆಗಿರಲಿಲ್ಲ. ನನ್ನ ಚೆಂಡು ಗಾಳಿಗೆ ತೇಲಿ ಎತ್ತಲೋ ಹೋಗುತ್ತಿತ್ತು. ಓಡುತ್ತಲೇ ಅವರು ಕೂಗುತ್ತಿದ್ದರು: “ಏ ತಮ್ಮಾ, ಚೆಂಡು ಒಗೀತಿಯೋ, ಹತ್ತಿ ಹಾರಸ್ತಿಯೋ? ನಿಂದರ್ಲೇನು, ಹತ್ರ ಬಂದು ಹೊಡೀತಿಯಾ?” ಎಲ್ಲರೂ ನಗುತ್ತಿದ್ದರು. ಒಂದು ದಿನ ನೆಲ್ಲಿಕಾಯಿ ಗಾತ್ರದ ಕಲ್ಲೊಂದನ್ನು ಒಳಗಿಟ್ಟು ಚೆಂಡು ಸುತ್ತಿದೆ.

ಅಂದು ಅವರು ಮೂರನೆಯ ಕಲ್ಲಿನತ್ತ ಓಡುತ್ತಿದ್ದರು. ಬೆನ್ನಿಗೆ ಗುರಿಯಿಟ್ಟೆ. ನನ್ನನ್ನು ಅಣಕಿಸಲೆಂದು ಅವರು ತಿರುಗಿದರು… ಬಲಗಣ್ಣಿಗೇ ಬಿತ್ತು.

ಗದ್ದಲದಲ್ಲಿ ಚೆಂಡು ಕಾಣೆಯಾಯಿತು. ಎರಡು ದಿನ ಚರಂಡಿಯನ್ನೂ ಬಿಡದೆ ಹುಡುಕಿದೆ. ಅವರ ಅವ್ವ ನನ್ನನ್ನು ಕೇಳಿದರು: “ನೂಲಿನ ಚೆಂಡು ಬಡದ್ರ ಕಣ್ಣು ಹಿಂಗ ಬಾತುಕೊಂತೈತೇನಪ್ಪಾ?”

“ಬರೇ ನೂಲಿಂದು ಯವ್ವಾ, ನಾನೇ ಸುತ್ತೀನಿ” ಅಂದೆ.

ಮಂಚದ ಮೇಲಿಂದ ಅಣ್ಣ, “ಬಿಡು ಬೇ ಯವ್ವಾ, ತಿರುಗಿದವ ನಾನು. ಅವಂದೇನು ತಪ್ಪೈತಿ?” ಅಂದರು.

ಆ ಕಣ್ಣಿಗೆ ದೃಷ್ಟಿ ಮರಳಲಿಲ್ಲ. ಸೀರೆಯಂಚಿನ ಸಣ್ಣ ಎಳೆಗಳು ಒಂದೇ ಕಣ್ಣಿಗೆ ಸಿಗದೆ ಅವರು ಮಗ್ಗ ಬಿಟ್ಟರು. ಮಗ್ಗದ ಲಾಳಿಯೊಳಗಿಡುವ ಸಣ್ಣ ಕೊಳವೆಗಳಿಗೆ, ಕಂಡಿಕೆಗಳಿಗೆ, ನೂಲು ಸುತ್ತುತ್ತ ಕೂತರು. ಓಣಿಯಲ್ಲಿ ಅದು ಮುದುಕಿಯರ ಕೆಲಸ. ನನ್ನ ಮಗ್ಗಕ್ಕೂ ಅವರೇ ಸುತ್ತಿದರು, ನಲವತ್ತು ವರ್ಷ. ಬೆಳಿಗ್ಗೆ ಕಂಡಿಕೆಯ ಬುಟ್ಟಿ ಕೊಟ್ಟ ಮೇಲೂ ನನ್ನ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದೆ… “ನೂಲು ಚಲೋ ಐತಿ ಅಣ್ಣಾ” ಎಂದಷ್ಟೇ ಬರುತ್ತಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಅವರ ಮಗಳು ಬಂದು ಈ ಚೆಂಡು ಕೊಟ್ಟಳು. “ಕಾಕಾ, ಅಪ್ಪ ಸಂದೂಕದಾಗ ಇಟ್ಟಿದ್ದ. ನಿಮ್ಮದಂತ, ನಿಮಗೇ ಕೊಡಬೇಕಂತ.”

ಅಂದು ನಾನು ಸುತ್ತಿದ್ದ ಅದೇ ಕೆಂಪು ನೂಲು. ಒತ್ತಿದೆ, ಮೆತ್ತಗಿತ್ತು. ಕೊನೆಯ ಗಂಟು ಮಾತ್ರ ನನ್ನದಲ್ಲ. ನೇಕಾರರಲ್ಲಿ ಒಬ್ಬೊಬ್ಬರ ಗಂಟು ಒಂದೊಂದು ರೀತಿ. ಇದು ಅಣ್ಣನ ಗಂಟು. ಬಿಚ್ಚಿ, ಕಲ್ಲು ತೆಗೆದು, ಮತ್ತೆ ಸುತ್ತಿಟ್ಟಿದ್ದರು.

ಹಾಗಾದರೆ ಅಷ್ಟೂ ಬೆಳಗು ಅವರು ಹೊಸ್ತಿಲಲ್ಲಿ ನಿಂತದ್ದು ನನ್ನ ಒಂದು ಮಾತಿಗೆ… ಯಾರಿಗಾಗಿಯೂ ಕಾಯಬಾರದೆಂದು ಆಟ ಕಟ್ಟಿದವರು.

ಈಗ ಸಂಜೆ ಮಗ್ಗ ನಿಂತ ಮೇಲೆ ಬೆನ್ನ ಹಿಂದೆ ಯಾರೋ ಓಡಿದ ಸದ್ದಾಗುತ್ತದೆ. ತಿರುಗಿ ನೋಡುವ ಧೈರ್ಯವಿಲ್ಲ. “ಅಣ್ಣಾ, ಒಳಗ ಕಲ್ಲಿತ್ತು” ಎಂದು ಎದುರಿನ ಗೋಡೆಗೆ ಹೇಳುತ್ತೇನೆ.