ತುಳಸಿಕಟ್ಟೆಯ ಬುಡದ ಮಣ್ಣು

ಇವತ್ತು ಏಕಾದಶಿ, ಉಪವಾಸ. ಅಂಗಳ ಗುಡಿಸಿ, ರಂಗೋಲಿ ಬಿಟ್ಟು, ಹಸುಗಳಿಗೆ ಹುಲ್ಲು ಹಾಕುವಷ್ಟರಲ್ಲಿ ಮಾಲಿನ್ಯ ಮಂಡಳಿಯ ಪರೀಕ್ಷೆಯವರು ಮಣ್ಣು ಕೊರೆಯುವ ಯಂತ್ರ ತಂದರು. ನಮ್ಮ ಬಾವಿ ನೀರು ಪೆಟ್ರೋಲ್ ನಾರುತ್ತಿದೆ ಎಂದು ದೂರು ಕೊಟ್ಟಿದ್ದು ನಾನೇ. ಗುಬ್ಬಿ ರಸ್ತೆಯ ಪಕ್ಕದ ಬಂಕಿನ ಮಾಲೀಕರೂ ಹಿಂದೆಯೇ ಬಂದರು.

ಬಂಕಿನ ಟ್ಯಾಂಕಿಗೂ ನಮ್ಮ ಬಾವಿಗೂ ನಡುವೆ ಇರುವುದು ನಮ್ಮ ತುಳಸಿಕಟ್ಟೆ. ಅದರ ಬುಡದಲ್ಲೇ ಕೊರೆಯಬೇಕು ಎಂದರು ಪರೀಕ್ಷೆಯವರು. ನೋಡಿ ಸ್ನೇಹಿತರೇ, ಮಾಲೀಕರಿಗೆ ತಕ್ಷಣ ಭಕ್ತಿ ಉಕ್ಕಿತು.

"ಏನಕ್ಕಾ, ಏಕಾದಶಿ ದಿನ ತುಳಸಿ ಎಲೆ ಕೂಡ ಕೀಳಲ್ಲ ನೀವು. ಬುಡಾನೇ ಕೊರಿಸ್ತೀರಾ? ದೋಷ ಸುತ್ಕೊಳುತ್ತೆ. ಗೇಟ್ ಹತ್ರ ತೆಗೀಲಿ ಬುಡಿ."

ಯಂತ್ರದವರೂ ಹಿಂದೆಮುಂದೆ ನೋಡಿದರು. ನನಗೆ ಮೈಯೆಲ್ಲ ಉರಿಯಿತು.

"ನಮ್ ತುಳಸಮ್ಮನ ಹತ್ರ ನಾನ್ ಮಾತಾಡ್ಕೊತೀನಿ ಕಣಣ್ಣಾ. ದಿನಾ ಅವ್ಳಿಗೆ ಹುಯ್ಯೋ ನೀರೇ ನಾರ್ತೈತಲ್ಲ, ಆ ದೋಷ ಯಾರಿಗ್ ಸುತ್ಕೊಳುತ್ತೆ?"

ಕಟ್ಟೆಗೆ ಹೂವಿಟ್ಟು, ತಪ್ಪಾಯಿತಮ್ಮಾ ಎಂದು ಕೈಮುಗಿದು, "ಕೊರೀರಪ್ಪ" ಎಂದೆ.

ಯಂತ್ರ ಆಳಕ್ಕಿಳಿದಂತೆ ಕಪ್ಪು ಮಣ್ಣು ಬಂತು. ಆ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರು. ಪರೀಕ್ಷೆಯವರು ಅದನ್ನು ಶೀಸೆಗೆ ತುಂಬಿಕೊಂಡರು.

"ಹಿಂದಿನ್ ಕಾಲ್ದಲ್ಲಿ ನೀವೇ ಸೀಮೆಎಣ್ಣೆ ಚೆಲ್ಲಿರ್ಬೇಕು" ಎನ್ನುತ್ತ ಮಾಲೀಕರು ಹೊರಟರು.

ಈಗ ಸಂಜೆ ಹೇಳಿಕಳಿಸಿದ್ದಾರೆ. ದೂರು ವಾಪಸ್ ತೆಗೆದುಕೊಂಡರೆ ಅಮೃತಶಿಲೆಯ ತುಳಸಿಕಟ್ಟೆ ಕಟ್ಟಿಸಿಕೊಡುತ್ತಾರಂತೆ. ಈ ಬಾವಿ ಬಿಟ್ಟರೆ ನಮಗೂ ಹಸುಗಳಿಗೂ ಬೇರೆ ನೀರಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ನನ್ನ ಉತ್ತರವನ್ನು ಬಾವಿಯಿಂದ ಸೇದಿ, ಬಿಂದಿಗೆ ತುಂಬಿ ಜಗಲಿ ಮೇಲಿಟ್ಟಿದ್ದೇನೆ. ಬಂಕಿನ ಕಡೆ ಹೋಗುವವರು ಯಾರಾದರೂ ಬಂದು ತೆಗೆದುಕೊಂಡು ಹೋಗಿ ಅವರಿಗೆ ಕೊಡಿ. ಕಾಫಿ ಮಾಡಿಕೊಂಡು ಕುಡಿಯಲಿ.