ಕೇರೆಹಾವಿಗಾಗಿ ನಿಂತ ಬಸ್ಸು

ಕಳೆದ ವಾರ ನನ್ನ ಉಪ್ಪಿಟ್ಟಿನ ಡಬ್ಬಿ ಹಾರಿ ಪಕ್ಕದ ಸೀಟಿನ ಹೆಂಗಸಿನ ಮಡಿಲಿಗೆ ಬಿತ್ತು. ತಪ್ಪು ನನ್ನದಲ್ಲ, ಬ್ರೇಕಿನದು.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬೆಳಗಿನ ಬಸ್ಸಿನಲ್ಲಿ ಹೊರಟಿದ್ದೆ. (ತಂಗಿಯ ಮಗುವಿಗೆ ಹೆಸರಿಡುವ ಶಾಸ್ತ್ರ. ತಡವಾದರೆ ವರ್ಷಪೂರ್ತಿ ಮಾತು ಕೇಳಬೇಕು.) ತೆರಕಣಾಂಬಿ ದಾಟಿದ್ದೆವು. ಮಳೆ ಬಂದು ನಿಂತಿತ್ತು, ಎಳೆ ಬಿಸಿಲು. ಬಸ್ಸು ಗಕ್ಕನೆ ನಿಂತಿತು. ಬಗ್ಗಿ ನೋಡಿದರೆ, ರಸ್ತೆಯ ನಟ್ಟನಡುವೆ ಆರಡಿ ಉದ್ದದ ಕೇರೆಹಾವು ಆರಾಮಾಗಿ ಮೈ ಕಾಯಿಸಿಕೊಳ್ಳುತ್ತಿದೆ!

ಡ್ರೈವರ್ ಹಾರ್ನ್ ಒತ್ತಿದ. ಹಾವು ಕದಲಲಿಲ್ಲ.

"ಟೈಮಾಯ್ತು. ಅತ್ತಿಸ್ಬುಡನಾ?" ಎಂದು ಕಂಡಕ್ಟರನನ್ನು ಕೇಳಿದ.

"ಅತ್ತಿಸ್ದಿಯೋ, ನೋಡ್ಲಾ ಮತ್ತೆ!" ಪಕ್ಕದ ಹೆಂಗಸು ನನ್ನ ಡಬ್ಬಿಯನ್ನು ನನ್ನ ಕೈಗೆ ತುರುಕಿ ಎದ್ದೇಬಿಟ್ಟರು. ಉಡಿಗಾಲದ ಮಹದೇವಮ್ಮ, ಅರವತ್ತು ದಾಟಿದ ರೈತ ಮಹಿಳೆ. "ಆರ್ನು ಅದ್ಕೆಲ್ಲಿ ಕೇಳ್ಸದು? ನೆಲ ಅದುರುದ್ರೆ ಗೊತ್ತಾಯ್ತದೆ. ನೀನೂ ಬಾ ಸಾಮಿ, ಕಾಲು ಬಡಿ!"

ಇಳಿದೆ. ಇಬ್ಬರೂ ಧಪಧಪನೆ ನೆಲ ಬಡಿದೆವು. (ಕಿಟಕಿಯಲ್ಲಿ ನಲವತ್ತು ತಲೆ. ನಾಚಿಕೆ ಯಾರಿಗೆ ಆಗಲ್ಲ?) ಹಾವು ತಲೆಯೆತ್ತಿತು, ಹೊರಟಿತು. ಎತ್ತ? ಎದುರಿನಿಂದ ಬರುತ್ತಿದ್ದ ಲಾರಿಯತ್ತ!

ನಾನು ಬಸ್ಸಿನ ಬದಿಗೆ ಸರಿದೆ. ಮಹದೇವಮ್ಮ ಮಾತ್ರ ಕೈಲಿದ್ದ ಕೊಡೆ ಬಿಚ್ಚಿ ಹಿಡಿದು ಲಾರಿಯ ದಾರಿಗೆ ಅಡ್ಡ ನಿಂತರು. ಟೈರು ಕಿರುಚಿತು. ಲಾರಿ ನಿಂತಿತು, ಅವರಿಗಿಂತ ನಾಲ್ಕೇ ಮಾರು ದೂರದಲ್ಲಿ.

"ಎಂದಾ ಚೇಚಿ, ಏನಕ್ಕಾ, ಸಾಯಬೇಕಾ?" ಕೇರಳದ ಲಾರಿ ಡ್ರೈವರ್ ಮಲಯಾಳ ಬೆರೆಸಿ ಕೂಗಿದ.

"ನಾನ್ ಸತ್ರೆ ಸಾಯ್ತೀನಿ, ಅದು ಸಾಯ್ಬಾರ್ದು ಕಣಪ್ಪ!"

ಹಾವು ಸೂರ್ಯಕಾಂತಿ ಹೊಲಕ್ಕೆ ಸರಸರ ನುಗ್ಗಿತು. ಬಸ್ಸಿನಲ್ಲಿ ಶಿಳ್ಳೆಯೋ ಶಿಳ್ಳೆ!

"ಹಾವಿಗೋಸ್ಕರ ಇಷ್ಟು ಧೈರ್ಯವಾ?" ಸೀಟಿಗೆ ಮರಳಿದ ಮೇಲೆ ಕೇಳಿದೆ.

"ಎರಡೊರ್ಸದ ಕೆಳಗೆ ನಮ್ಮೊಲದ ಕೇರೆ ರೋಡಲ್ಲಿ ಚಕ್ರುಕ್ ಸಿಕ್ತು. ಓದ್ರೆ ಓಯ್ತು ಬುಡು ಅಂದ್ಕಂಡೊ. ಆಮ್ಯಾಕೆ ಕಳ್ಳೆಕಾಯ್ ಕಿತ್ತು ನೋಡುದ್ರೆ ಬರೀ ಸಿಪ್ಪೆ! ಎಲ್ಲಾ ಇಲಿ ಪಾಲು. ವಿಸ ಇಟ್ಟೊ. ವಿಸ ತಿಂದ ಇಲಿ ತಿಂದು ಮರದಲ್ಲಿದ್ದ ಗೂಬೆನೂ ಸತ್ತೋಯ್ತು. ಇನ್ನು ಇಲಿಗೆ ಏಳೋರ್ ಕೇಳೋರ್ ಯಾರು?" ಎಂದು ತಮ್ಮ ಗತಿಗೆ ತಾವೇ ನಕ್ಕರು.

ನನಗೆ ನಗು ಬರಲಿಲ್ಲ. ಹೋದ ತಿಂಗಳು ಬದನಗುಪ್ಪೆ ಬಳಿ ನನ್ನ ಸ್ಕೂಟರಿನ ಕೆಳಗೆ ಏನೋ ಮೆತ್ತಗೆ ಸಿಕ್ಕಿತ್ತು. ಹಗ್ಗ ಇರಬೇಕು ಅಂದುಕೊಂಡೆ. ಹಗ್ಗ ಅಲ್ಲವೆಂದು ಗೊತ್ತಿತ್ತು. ತಿರುಗಿ ನೋಡಲಿಲ್ಲ. ರಸ್ತೆಯ ಸಾವು ರಸ್ತೆಯಲ್ಲೇ ಮುಗಿಯುತ್ತದೆ ಎಂದುಕೊಂಡವರಲ್ಲಿ ನಾನೂ ಒಬ್ಬ. ಆ ಸಾವು ಬದು ಹತ್ತಿ, ಹೊಲಕ್ಕಿಳಿದು, ಮರದ ಪೊಟರೆಯವರೆಗೂ ಹೋಗುತ್ತದೆ ಎಂದು ಹೇಳಲು ಮಹದೇವಮ್ಮನೇ ಬರಬೇಕಾಯಿತು.

ಗುಂಡ್ಲುಪೇಟೆ ತಲುಪಿದಾಗ ಕಾಲು ಗಂಟೆ ಲೇಟು. ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕಾರಣ ಕೇಳಿದರು. ಕಂಡಕ್ಟರ್ ಗಂಭೀರವಾಗಿ, "ಒಲ ಕಾಯೋರು ರೋಡ್ ದಾಟ್ತಿದ್ರು ಸಾ" ಅಂದ.

ಹಾವು ಅಡ್ಡ ಬಂದರೆ ಎರಡು ನಿಮಿಷ ನಿಲ್ಲಲು ನಿಮಗೆ ಪುರುಸೊತ್ತಿಲ್ಲವೇ? ಆಯ್ತು ಬಿಡಿ, ಆ ಹೊಲದ ಇಲಿ ಹಿಡಿಯಲು ಯಾವತ್ತು ಬರ್ತೀರಿ?