ಮೇಬಲ್‌ಳ ಮಲ್ಲಿಗೆಗೆ ಹೊಯ್ದ ಕಪ್ಪು ನೀರು

ಕಜೆಟನ್ ನಾನು ಪಾಠ ಮಾಡುತ್ತಿದ್ದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಶಾಲೆಯ ಅಟೆಂಡರ್. ಕಾಪುವಿನ ಹತ್ತಿರದ ಶಂಕರಪುರದಿಂದ ದಿನಾ ಬಸ್ಸು ಹಿಡಿದು ಮಣಿಪಾಲಕ್ಕೆ ಬರುತ್ತಿದ್ದ. ನಂಬಿಗಸ್ತ ಎಂದು ಎಲ್ಲರೂ ಹೊಗಳುತ್ತಿದ್ದರು. ಅವನನ್ನು ಹೊಗಳುವ ಮುಖ ನನಗಿಲ್ಲ.

೧೯೭೯ರಲ್ಲಿ ನನಗೆ ಗೊಬ್ಬರದ ಹುಚ್ಚು ಹಿಡಿದಿತ್ತು. ಕೊಳೆತು ಮಣ್ಣಾದ ತರಗೆಲೆ, ಸೆಗಣಿಯಿಂದ ಹ್ಯೂಮಿಕ್ ಆಮ್ಲವೆಂಬ ಕಪ್ಪು ಸತ್ವ ತೆಗೆಯುತ್ತಿದ್ದೆ. ಒಂದು ಕೊಡ ನೀರಿಗೆ ಒಂದು ಚಮಚ ಬೆರೆಸಿ ಹಾಕಿದರೆ ಬೇರು ಕವಲೊಡೆದು ಎಳೆ ಎಳೆಯಾಗಿ ಹರಡುತ್ತದೆ. ಗಾಢವಾದರೆ ಅದೇ ಸತ್ವ ಬೇರಿನ ತುದಿಯನ್ನು ಕೊಲ್ಲುತ್ತದೆ. ಹಾಗೆ ಸತ್ತ ಗಿಡಗಳನ್ನು ನಾನು ಯಾರೂ ಬರುವ ಮೊದಲೇ ಎಸೆದುಬಿಡುತ್ತಿದ್ದೆ. ಕಜೆಟನ್ ಕಂಡದ್ದು ಚಿಗುರಿದ ಗಿಡಗಳನ್ನು ಮಾತ್ರ.

ಅವನ ಅಕ್ಕ ಮೇಬಲ್, ಗಂಡನನ್ನು ಕಳೆದುಕೊಂಡವಳು, ನಲವತ್ತು ಮಲ್ಲಿಗೆ ಗಿಡಗಳಿಂದ ಜೀವನ ಸಾಗಿಸುತ್ತಿದ್ದಳು. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಉಡುಪಿಯ ಬಸ್ಸಿಗೆ ಕೊಡಬೇಕು. ಆ ಮಳೆಗಾಲ ಗಿಡಗಳು ಸೊರಗಿದವು.

"ಸಾರ್, ಈ ಕಪ್ಪು ನೀರು ಬೇರಿಗೆ ಒಳ್ಳೆಯದಲ್ವಾ? ಮನೆಗೆ ಸ್ವಲ್ಪ ಕೊಂಡುಹೋಗಲಾ?"

"ಕೊಂಡುಹೋಗು ಮಾರಾಯ," ಎಂದೆ, ತಲೆ ಎತ್ತದೆ. ಅಳತೆ ಹೇಳಲಿಲ್ಲ.

ಅಕ್ಕನಿಗೆಂದು ಒಯ್ದದ್ದಕ್ಕೆ ನೀರು ಬೆರೆಸುವುದು ಕಜೆಟನ್‌ನ ಲೆಕ್ಕದಲ್ಲಿ ಮೋಸ. ಮೂರು ವಾರ, ವಾರಕ್ಕೊಂದು ಕ್ಯಾನ್, ಹಾಗೆಯೇ ಹೊಯ್ದ.

ಸುದ್ದಿ ತಿಳಿದು ನಾನು ಹೋದಾಗ ನಲವತ್ತೂ ಗಿಡ ಒಣಗಿದ್ದವು. ಒಂದನ್ನು ಕಿತ್ತು ನೋಡಿದೆ. ಬೇರಿನ ತುದಿಗಳು ಕರಟಿಹೋಗಿದ್ದವು. ಮೇಬಲ್ ಅಳುತ್ತಿರಲಿಲ್ಲ.

"ನೀವು ಕಲಿಸುವವರು. ಇವನು ಎಂತ ತಪ್ಪು ಮಾಡಿದ, ಹೇಳಿ."

"ಅಳತೆ ಮೀರಿತು," ಎಂದೆ.

"ಅಳತೆ ನೀವು ಇವನಿಗೆ ಹೇಳಿದ್ದಿರಾ?"

ಕಜೆಟನ್ ನನ್ನ ಮುಖ ನೋಡಿದ, ಆಮೇಲೆ ಅಕ್ಕನ ಕಡೆ ತಿರುಗಿದ. "ಹೇಳಿದ್ದರು ಅಕ್ಕ. ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ."

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟೆ. ಹೇಡಿ ನಾನು.

ಮೇಬಲ್ ಕಾರ್ಕಳದ ಒಂದು ಮನೆಗೆ ಅಡುಗೆ ಕೆಲಸಕ್ಕೆ ಸೇರಿದಳು. ತಮ್ಮನೊಂದಿಗೆ ಮಾತು ಬಿಟ್ಟಳು. ಕ್ರಿಸ್ಮಸ್ಸಿಗೆ ಅವನು ಕಳಿಸಿದ ಕುಸ್ವಾರಿನ ತಿಂಡಿ ಮುಚ್ಚಿದ ಡಬ್ಬದಲ್ಲೇ ಹಿಂದೆ ಬರುತ್ತಿತ್ತು. ಏಳು ವರ್ಷ ಅವನು ನನ್ನ ಗಾಜಿನ ಪಾತ್ರೆಗಳನ್ನು ತೊಳೆದ, ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಈ ಭಾನುವಾರ ಹೋಗಿ ಅವಳಿಗೆ ನಿಜ ಹೇಳುತ್ತೇನೆ ಎಂದುಕೊಳ್ಳುತ್ತಲೇ ನಾನು ಆ ಏಳು ವರ್ಷ ಕಳೆದೆ.

೧೯೮೬ರಲ್ಲಿ ಮೇಬಲ್ ತೀರಿಕೊಂಡಳು. ಕಾರ್ಕಳದ ಇಗರ್ಜಿಯ ಹಿಂದೆ ಮಣ್ಣು ಮುಚ್ಚಿದ ಮೇಲೆ ಕಜೆಟನ್ ನನ್ನ ಬಳಿ ಬಂದು ಎರಡೂ ಕೈ ಹಿಡಿದುಕೊಂಡ.

"ಅಷ್ಟು ದೂರದಿಂದ ಬಂದಿರಲ್ಲ ಸಾರ್," ಎಂದ. "ತುಂಬಾ ಉಪಕಾರ."